ಮಣಿಮೇಗಲೈ ಉಸಿರು ನಿಂತದ್ದು ಹೇಗೆ

ಕೊಂಬೈ
9 ಫೆಬ್ರವರಿ 2024

ಹೈದರಾಬಾದಿನ ಮಹಾ ವಿಜ್ಞಾನಿ ಸರಣ್ಯಾಗೆ,

ನಿನ್ನ ಕಾಗದ ಬಂತು. ಜೊತೆಗಿಟ್ಟಿದ್ದ ಬಣ್ಣದ ಚಿತ್ರವೂ ಬಂತು. ನಿನ್ನ ಅತ್ತೆ ಓಚ್ಚಮ್ಮಾಳ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನು, ನೂಲುಂಡೆ ಸಿಕ್ಕಾದಂಗೈತೆ" ಎಂದಳು. ಇದು ಮನುಷ್ಯರ ರಕ್ತದಲ್ಲಿರುವ ಒಂದು ಕಿಣ್ವವಂತೆ, ನಮ್ಮ ಸೊಸೆಯಾಗಲು ಒಲ್ಲದವಳು ಐದು ವರ್ಷ ಕೂತು ಇದರ ಫೋಟೋ ತೆಗೆದಿದ್ದಾಳೆ ಎಂದು ನಾನು ವಿವರಿಸಿದೆ. ಅವಳು ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾಳೆ.

ಆರು ತಿಂಗಳು ಹರಳೇ ಕಟ್ಟಲಿಲ್ಲವೆಂದೂ, ಕಟ್ಟಿದ್ದು ಉಪ್ಪಿನ ಕಣದ ಅರ್ಧದಷ್ಟಿತ್ತೆಂದೂ, ಅದನ್ನು ನೈಲಾನ್ ಕುಣಿಕೆಯಲ್ಲಿ ಎತ್ತಿ, ಹೆಪ್ಪುಗಟ್ಟಿಸಿ, ಎಕ್ಸ್‌ರೇ ಹೊಡೆಸಲು ರೈಲಿನಲ್ಲಿ ಇಂದೋರಿನವರೆಗೆ ಹೊತ್ತುಕೊಂಡು ಹೋದೆಯೆಂದೂ ಬರೆದಿದ್ದೀಯೆ. ಓದಿ ನಗು ಬಂತು. ಆ ಐದು ವರ್ಷದಲ್ಲಿ ನಮ್ಮ ತೋಟದಲ್ಲಿ ಹನ್ನೆರಡು ಸಲ ದ್ರಾಕ್ಷಿ ಕೊಯ್ದಿದ್ದೇವೆ. ಅದನ್ನು ಜನ ತಿಂದಿದ್ದಾರೆ. ನಿನ್ನ ಹರಳನ್ನು ಯಾರು ಏನು ಮಾಡಬೇಕು?

ಫೋನ್ ಮಾಡುವ ಆಸೆಯಿದೆ ಎಂದು ಕೊನೆಯಲ್ಲಿ ಬರೆದಿದ್ದೀಯೆ. ಬೇಡ. ನನ್ನ ಮಗ ಜೆಯಕುಮಾರನನ್ನು ಒಲ್ಲೆ ಎಂದ ದನಿಯನ್ನು ಕೇಳಲು ನನಗೆ ಇಷ್ಟವಿಲ್ಲವೆಂದು ಎರಡು ವರ್ಷದ ಹಿಂದೆಯೇ ಹೇಳಿದ್ದೇನೆ. ಬರೆಯುವುದಿದ್ದರೆ ಕನ್ನಡದಲ್ಲಿ ಬರೆ. ನಮ್ಮವರು ತಲೆತಲಾಂತರದಿಂದ ತಮಿಳು ಸೀಮೆಯ ಈ ಕಣಿವೆಯಲ್ಲಿ ಕನ್ನಡ ಮಾತಾಡುತ್ತಿದ್ದಾರೆ, ಒಬ್ಬನಿಗೂ ಅದರ ಅಕ್ಷರ ಬರುವುದಿಲ್ಲ. ಮೈಸೂರಿನಲ್ಲಿ ಮೂರು ವರ್ಷ ಓದಿದ ನನಗೆ ಬರುತ್ತದೆ, ನಾನು ಸ್ಲೇಟು ಹಿಡಿಸಿದ ನಿನಗೆ ಬರುತ್ತದೆ. ನಿನ್ನಮ್ಮ ಮಣಿಮೇಗಲೈ ಸತ್ತಾಗ ನಿನಗೆ ಎಂಟು ವರ್ಷ. ನಿನ್ನಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ತಿರುಪ್ಪೂರಿಗೆ ಹೋದ. ಅನ್ನ ಹಾಕಿದವನೂ ಅಕ್ಷರ ಕಲಿಸಿದವನೂ ನಾನು. ಆ ಅಕ್ಷರದಲ್ಲಿ ನೀನು ನನಗೆ ಬರೆದು ಕಳಿಸುವುದು ನೂಲುಂಡೆಯ ಸುದ್ದಿ.

ಇದರಿಂದ ಯಾರಿಗೆ ಏನು ಉಪಯೋಗ, ಒಂದು ಸಾಲಿನಲ್ಲಿ ಬರೆ.

ನಿನ್ನ ಮಾಮ
ಜೆಯರಾಜ್


ಹೈದರಾಬಾದ್
27 ಫೆಬ್ರವರಿ 2024

ಮಾಮ,

ಒಂದು ಸಾಲಿನಲ್ಲಿ ಕೇಳಿದ್ದೀರಿ. ನಿಮ್ಮ ತಾಳ್ಮೆ ಎಷ್ಟು ಉದ್ದವೆಂದು ಗೊತ್ತಿರುವುದರಿಂದ ನನಗೇನೂ ಆಶ್ಚರ್ಯವಿಲ್ಲ. ಆದರೂ ಸ್ವಲ್ಪ ಹೆಚ್ಚಿಗೆ ಬರೆಯುತ್ತೇನೆ, ಅರ್ಥವಾದಷ್ಟು ಓದಿಕೊಳ್ಳಿ.

ಆಪರೇಷನ್ನಿಗೆ ಮುಂಚೆ ಗಂಟಲಿಗೆ ನಳಿಕೆ ಇಳಿಸಲು ಡಾಕ್ಟರು ಒಂದು ಇಂಜೆಕ್ಷನ್ ಕೊಡುತ್ತಾರೆ. ಮೈಯ ಸ್ನಾಯುಗಳೆಲ್ಲ ಸಡಿಲವಾಗಿ ಉಸಿರೂ ನಿಲ್ಲುತ್ತದೆ. ರಕ್ತದಲ್ಲಿರುವ ಈ ಕಿಣ್ವ ಆ ಔಷಧಿಯನ್ನು ಕತ್ತರಿಸಿ ಹಾಕುತ್ತದೆ, ಐದಾರು ನಿಮಿಷದಲ್ಲಿ ಉಸಿರು ಮರಳುತ್ತದೆ. ಚಿತ್ರದಲ್ಲಿ ನಡುವೆ ಆಳವಾದ ಕೊರಕಲು ಕಾಣುತ್ತದಲ್ಲ, ಕತ್ತರಿಸುವ ಕೆಲಸ ಅದರ ತಳದಲ್ಲಿ. ಕೊರಕಲಿನ ಬಾಯಲ್ಲಿ ಒಂದು ಅಮೈನೋ ಆಮ್ಲ ನಿಂತು ಔಷಧಿಯನ್ನು ಒಳಕ್ಕೆ ಎಳೆಯುತ್ತದೆ, ಒಡ್ಡನ್‌ಛತ್ರಂ ಮಾರುಕಟ್ಟೆಯ ಗೇಟಿನಲ್ಲಿ ಕೈಬೀಸಿ ಲಾರಿಗಳನ್ನು ಒಳಗೆ ಕರೆಯುವವನ ಹಾಗೆ. ಕೆಲವರ ಕಿಣ್ವದಲ್ಲಿ ಹುಟ್ಟಿನಿಂದಲೇ ಆ ಜಾಗದಲ್ಲಿ ಬೇರೇನೋ ಇರುತ್ತದೆ. ಒಳಗೆ ಕೂಲಿಯವರೆಲ್ಲ ಇದ್ದಾರೆ, ಗೇಟಿನಲ್ಲಿ ಕರೆಯುವವನಿಲ್ಲ, ಲಾರಿಗಳು ಹಾಗೇ ಮುಂದೆ ಹೋಗುತ್ತವೆ. ಅಂಥವರ ಉಸಿರು ನಾಲ್ಕೈದು ಗಂಟೆ ಮರಳುವುದಿಲ್ಲ. ನಾನು ಐದು ವರ್ಷ ಕೂತು ನೋಡಿದ್ದು ಆ ಗೇಟನ್ನು.

ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕಾಗುತ್ತದೆ. ಲ್ಯಾಬಿನಲ್ಲಿ ಸುಲಭವಾಗಿ ಸಿಗುವುದು ನಮ್ಮದೇ ರಕ್ತ. ನನ್ನದು ಹೋಲಿಕೆಗೆ ಬರಲಿಲ್ಲ. ಅಪ್ಪ ಅಮ್ಮನಿಂದ ಒಂದೊಂದು ಪ್ರತಿ ಬರುತ್ತದೆ, ನನ್ನ ಎರಡರಲ್ಲಿ ಒಂದು ಕೆಟ್ಟದ್ದು. ಅದು ಅಮ್ಮನಿಂದ ಬಂದದ್ದೆಂದು ನನ್ನ ಸಂಶಯ. ತಾತ ಮದುವೆಯಾದದ್ದು ತನ್ನ ಅಕ್ಕನ ಮಗಳನ್ನೇ. ಹಾಗಾಗಿ ಅಮ್ಮನಿಗೆ ಎರಡೂ ಕಡೆಯಿಂದ ಅದೇ ದೋಷ ಬಂದಿರಬಹುದು, ಒಡಹುಟ್ಟಿದ ನಿಮಗೂ ಬಂದಿರಬಹುದು. ಎರಡು ಮಿಲಿ ರಕ್ತ ಕಳಿಸಿ. ಅಮ್ಮನ ಅಪೆಂಡಿಕ್ಸ್ ಆಪರೇಷನ್ನಿನ ದಿನ ಏನಾಯಿತೆಂದೂ ಬರೆಯಿರಿ. ಅವಳು ಏಳಲಿಲ್ಲ, ಅರಿವಳಿಕೆ ಕೊಟ್ಟ ಡಾಕ್ಟರ್ ಪೆರಿಯಸಾಮಿ ಊರು ಬಿಟ್ಟು ಓಡಿಹೋದರು ಎನ್ನುವುದಿಷ್ಟೇ ನನಗೆ ಹೇಳಿರುವುದು.

ಅಮ್ಮನಿಗಾಗಿ ಈ ಕಿಣ್ವ ಹಿಡಿದಳೆಂದು ಊರಲ್ಲಿ ಕಥೆ ಕಟ್ಟಬೇಡಿ. ಇದರ ಮೇಲೆ ಕೆಲಸ ಮಾಡುತ್ತಿದ್ದ ಹುಡುಗಿ ನಡುವೆ ಬಿಟ್ಟುಹೋದಳು, ನಮ್ಮ ಪ್ರೊಫೆಸರು ನನ್ನ ತಲೆಗೆ ಕಟ್ಟಿದರು.

ಸರಣ್ಯಾ


ಕೊಂಬೈ
20 ಮಾರ್ಚ್ 2024

ಸರಣ್ಯಾ,

ಈಗ ಗೊತ್ತಾಯಿತು ನಿನ್ನ ಹರಳಿನ ಉಪಯೋಗ. ನನ್ನ ಮಗನನ್ನು ಬೇಡವೆನ್ನಲು ನೀನು ಎರಡು ವರ್ಷದಿಂದ ಕಾರಣ ಹುಡುಕುತ್ತಿದ್ದೆ, ಕೊನೆಗೆ ಸರ್ಕಾರದ ಖರ್ಚಿನಲ್ಲಿ ಸಿಕ್ಕಿತು. ಸೋದರಮಾವನ ಮಗನನ್ನು ಕಟ್ಟಿಕೊಂಡರೆ ರಕ್ತ ಕೆಡುತ್ತದಂತೆ. ತಾತ ಅಜ್ಜಿ ತೊಂಬತ್ತು ವರ್ಷ ಬದುಕಿದವರು. ಅವರ ಹಾಸಿಗೆಯನ್ನು ಕೊಡವಿ ನೋಡುವ ಧೈರ್ಯ ನಿನಗೆ ಯಾರು ಕೊಟ್ಟರು? ಒಂದು ಹನಿ ರಕ್ತವನ್ನೂ ಕಳಿಸುವುದಿಲ್ಲ.

ಆ ದಿನದ ವಿಷಯ ಕೇಳಿದ್ದೀಯೆ. ನಮ್ಮವರೊಬ್ಬರು ಆಸ್ಪತ್ರೆ ಸೇರಿದರೆ ಊರೇ ಹೋಗಿ ಬಾಗಿಲಲ್ಲಿ ಕೂರುವುದು ನಿನಗೂ ಗೊತ್ತು. ಹೋಗದವನಿಗೆ ಆಮೇಲೆ ಮದುವೆಗೂ ಕರೆಯಿಲ್ಲ, ಸಾವಿಗೂ ಕರೆಯಿಲ್ಲ. ಅಂದು ತೇನಿಯ ನರ್ಸಿಂಗ್ ಹೋಮಿಗೆ ಎರಡು ವ್ಯಾನಿನಲ್ಲಿ ಹೋಗಿದ್ದೆವು. ನಿನ್ನಮ್ಮ ನಡೆದುಕೊಂಡು ಒಳಗೆ ಹೋದಳು, ಹೆಣವಾಗಿ ಹೊರಗೆ ಬಂದಳು. ಅವಳಿಗೆ ಮೂವತ್ತೊಂದು ವರ್ಷ. ಆ ನರ್ಸಿಂಗ್ ಹೋಮಿನಲ್ಲಿ ನಾವು ಒಂದು ಗಾಜನ್ನೂ ಉಳಿಸಲಿಲ್ಲ. ಆ ಪೆರಿಯಸಾಮಿಯ ಬಲಗೈಯನ್ನು ನಾನೇ ಮುರಿದೆ. ಈಗಲೂ ಕೊಂಬೈಯಲ್ಲಿ ನಾನು ಟೀ ಅಂಗಡಿಗೆ ಹೋದರೆ ಹಿರಿಯರು ಎದ್ದು ಜಾಗ ಕೊಡುತ್ತಾರೆ. ಅಕ್ಕನಿಗಾಗಿ ತಮ್ಮ ಏನು ಮಾಡಬೇಕೋ ಅದನ್ನು ಮಾಡಿದವನೆಂದು.

ಕೊಲೆಗಾರನಿಗೆ ನೀನು ಇಪ್ಪತ್ತೆರಡು ವರ್ಷ ಕಳೆದು ವಕೀಲಳಾಗಬೇಡ. ಕೈಯಲ್ಲಾಗದವನು ಕೊಂದ, ಅಷ್ಟೇ. ಅದಕ್ಕೆ ಕಿಣ್ವ ಬೇಕಿಲ್ಲ.

ಜೆಯರಾಜ್


ಹೈದರಾಬಾದ್
4 ಏಪ್ರಿಲ್ 2024

ಮಾಮ,

ಜೆಯಕುಮಾರನನ್ನು ಒಲ್ಲೆ ಎನ್ನಲು ನನಗೆ ವಿಜ್ಞಾನದ ಸಹಾಯ ಬೇಕಿರಲಿಲ್ಲ. ಒಂದು ಸಂಜೆ ಅವನ ಜೊತೆ ಮಾತಾಡಿದ್ದು ಸಾಕಾಗಿತ್ತು.

ಟೀ ಅಂಗಡಿಯ ಮರ್ಯಾದೆಯ ಬಗ್ಗೆ ಓದಿದೆ. ಹತ್ತಾರು ಮಂದಿ ಸೇರಿ ಒಬ್ಬನ ಕೈ ಮುರಿದು, ಅದನ್ನು ಇಪ್ಪತ್ತೆರಡು ವರ್ಷ ಟೀಗೆ ನೆಂಚಿಕೊಳ್ಳುವುದು ನಿಮ್ಮಿಂದ ಮಾತ್ರ ಸಾಧ್ಯ.

ನಾನು ಆ ಡಾಕ್ಟರ ವಕೀಲಳಲ್ಲ. ನಿಮಗಿಂತ ಹೆಚ್ಚು ತಾತ್ಸಾರ ನನಗೆ ಆ ಮನುಷ್ಯನ ಮೇಲಿದೆ, ಯಾಕೆಂದರೆ ಅವನು ಮಾಡಬೇಕಿದ್ದ ಕೆಲಸ ಎಷ್ಟು ಸುಲಭದ್ದೆಂದು ನನಗೆ ಗೊತ್ತು. ಇಂಜೆಕ್ಷನ್ ಕೊಟ್ಟದ್ದು ತಪ್ಪಲ್ಲ, ಅಮ್ಮನ ಕಿಣ್ವ ಹೀಗಿದೆಯೆಂದು ಆಗ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ಆಮೇಲೆ? ಮೂಗು ಬಾಯಿಗೆ ರಬ್ಬರ್ ಮುಖವಾಡ ಒತ್ತಿ ಹಿಡಿದು, ಚೀಲವನ್ನು ಅದುಮುತ್ತಾ ಗಾಳಿ ಕೊಡುತ್ತಿರಬೇಕು. ನಾಲ್ಕು ಗಂಟೆ, ಹೆಚ್ಚೆಂದರೆ ಆರು. ಔಷಧಿ ತಾನಾಗಿ ಕರಗುತ್ತದೆ, ಮನುಷ್ಯ ತಾನಾಗಿ ಎದ್ದು ಕೂರುತ್ತಾನೆ. ಬೇರೆ ಯಾವ ಚಿಕಿತ್ಸೆಯೂ ಬೇಡ. ತೋರಿಸಿಕೊಟ್ಟರೆ ಬಸ್ ಕಂಡಕ್ಟರೂ ಮಾಡಬಹುದು. ಅಷ್ಟು ಹೊತ್ತು ಕೈ ನೋಯಿಸಿಕೊಳ್ಳಲಾಗದೆ ಅಮ್ಮನನ್ನು ಬಿಟ್ಟ ಸೋಮಾರಿಯ ಕೈ ಮುರಿದದ್ದಕ್ಕೆ ನನಗೂ ದುಃಖವಿಲ್ಲ.

ಒಂದೇ ಪ್ರಶ್ನೆ. ಅಮ್ಮ ಒಳಗೆ ಹೋದದ್ದು ಎಷ್ಟು ಹೊತ್ತಿಗೆ, ಹೋಗಿಬಿಟ್ಟಳೆಂದು ಹೇಳಿದ್ದು ಎಷ್ಟು ಹೊತ್ತಿಗೆ? ನಡುವಿನ ಗಂಟೆಗಳಲ್ಲಿ ಅವನು ಏನು ಮಾಡುತ್ತಿದ್ದ? ನೀವು ಬಾಗಿಲಲ್ಲೇ ಇದ್ದಿರಿ.

ನಿಮಗೆ ಎಂದಾದರೂ ಆಪರೇಷನ್ ಆಗಬೇಕಾಗಿ ಬಂದರೆ ಇದನ್ನೆಲ್ಲ ಡಾಕ್ಟರಿಗೆ ಹೇಳಬೇಕು. ಮರೆಯಬೇಡಿ.

ಸರಣ್ಯಾ


ಕೊಂಬೈ
11 ಜೂನ್ 2024

ಸರಣ್ಯಾ,

ಎರಡು ತಿಂಗಳಿನಿಂದ ಉತ್ತರವಿಲ್ಲವೆಂದು ನೀನು ಅತ್ತೆಯ ಹತ್ತಿರ ಕೇಳಿದೆಯಂತೆ. ತೋಟದಲ್ಲಿ ಬಳ್ಳಿ ಸವರುವ ಕವಾತಿನ ಕೆಲಸ. ನಿನ್ನ ಹಾಗೆ ಕೂತು ಹರಳು ನೋಡುವವನಲ್ಲ ನಾನು.

ಹಳೆಯ ಗಡಿಯಾರದ ಲೆಕ್ಕ ಯಾರಿಗೆ ನೆನಪಿರುತ್ತದೆ? ನಿನ್ನ ಬರಹ ದಿನದಿನಕ್ಕೂ ಕೋಳಿ ಕೆದಕಿದಂತಾಗುತ್ತಿದೆ, ಕಣ್ಣು ನೋಯುತ್ತದೆ. ಸ್ವಲ್ಪ ಹೊಟ್ಟೆನೋವು, ಬೇರೇನಿಲ್ಲ. ಈ ವಿಷಯ ಇನ್ನು ಬರೆಯಬೇಡ.

ಜೆಯರಾಜ್


ಹೈದರಾಬಾದ್
22 ಜೂನ್ 2024

ಮಾಮ,

ನಿನ್ನೆ ಅತ್ತೆ ಫೋನ್ ಮಾಡಿದ್ದರು. "ಮಾಮಂಗೆ ಪಿತ್ತಪ್ಪೈಲಿ ಕಲ್ಲಂತೆ ಕಣ್ಣು. ದಿಂಡುಕ್ಕಲ್ಲಲ್ಲಿ ಆಪರೇಸನ್, ಜೂಲೈ ಅಂಜಕ್ಕೆ. ನಿಂಗೆ ಯೋಳ್‌ಬ್ಯಾಡ ಅಂದವ್ರೆ." ಜುಲೈ ಐದಕ್ಕೆ ಪಿತ್ತಕೋಶದ ಆಪರೇಷನ್, ಸರಿ, ಯಾವ ಆಸ್ಪತ್ರೆ ಎಂದರೆ ಅವರಿಗೂ ಹೇಳಿಲ್ಲವಂತೆ. ಕಿಣ್ವದ ವಿಷಯ ಅವರಿಗೆ ಹೇಳಿದೆ. "ಡಾಕ್ಟರ್ ತಾವ ಮಾಮನೇ ಮಾತಾಡೋದು, ನನ್ನ ಮಾತು ಎಲ್ಲಿ ಕೇಳ್ತಾರೆ" ಎಂದರು. ನನ್ನಿಂದ ನಿಮಗೆ ಮೂರು ಸಲ ಫೋನ್ ಬಂದಿದೆ. ಎತ್ತದವರು ನೀವು.

ಹೊಟ್ಟೆನೋವಂತೆ. ಸುಳ್ಳನ್ನಾದರೂ ಸ್ವಲ್ಪ ಶ್ರಮಪಟ್ಟು ಹೇಳಿ.

ನೀವು ಡಾಕ್ಟರಿಗೆ ಹೇಳಬೇಕಾದ ಮಾತು ಇಷ್ಟು: ನನ್ನ ಅಕ್ಕ ಅರಿವಳಿಕೆ ಕೊಟ್ಟ ಮೇಲೆ ಉಸಿರು ಮರಳದೆ ಸತ್ತಳು, ನನಗೆ ಸಕ್ಸಿನೈಲ್‌ಕೋಲಿನ್ ಕೊಡಬೇಡಿ. ಅವರು ಬೇರೆ ಔಷಧಿ ಕೊಡುತ್ತಾರೆ. ಮುಗಿಯಿತು. ರಕ್ತ ಬೇಡ, ನನ್ನ ಹೆಸರೂ ಹೇಳಬೇಡಿ. ಜೆಯಕುಮಾರನನ್ನು ಬೇಡವೆಂದವಳ ಮಾತು ಕೇಳಿದರೆ ಮರ್ಯಾದೆ ಹೋಗುತ್ತದೆಂದಿದ್ದರೆ, ಇದನ್ನು ಮೈಸೂರಿನ ಪೇಪರಿನಲ್ಲಿ ಓದಿದೆನೆಂದು ಹೇಳಿ.

ನನ್ನನ್ನು ಎಷ್ಟು ಬೇಕಾದರೂ ತಾತ್ಸಾರ ಮಾಡಿ. ಡಾಕ್ಟರಿಗೆ ಹೇಳಿ, ಎದ್ದು ಬಂದು, ಆಮೇಲೆ ಮಾಡಿ. ನನಗೆ ಬೈಯಲು ಬೇರೆ ಮಾಮ ಇಲ್ಲ.

ಸರಣ್ಯಾ


ಕೊಂಬೈ
28 ಜುಲೈ 2024

ಸರಣ್ಯಾ,

ನಾನು ಹೇಳಲಿಲ್ಲ.

ಅರಿವಳಿಕೆ ಕೊಡುವವಳು ತೇನ್‌ಮೊಳಿ ಎಂಬ ಹುಡುಗಿ, ನಿನ್ನದೇ ವಯಸ್ಸು. "ವೀಟ್ಟಿಲೆ ಯಾರುಕ್ಕಾವದು ಮಯಕ್ಕಂ ಕೊಡುತ್ತಪ್ಪೋ ಪಿರಚ್ಚನೈ ಆಗಿರುಕ್ಕಾ?" ಎಂದು ಕೇಳಿದಳು. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೇ ಎಂದು. ನಾನು ಇಲ್ಲ ಎಂದೆ. ನಿನ್ನ ಕಾಗದ ಅಂಗಿಯ ಜೇಬಿನಲ್ಲೇ ಇತ್ತು. ಹೌದು ಎಂದಿದ್ದರೆ ಮುಂದಿನ ಪ್ರಶ್ನೆ, ಏನಾಯಿತು ಎಂದು. ಅದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಆಪರೇಷನ್ ಮುಗಿದು ನಿದ್ದೆಯ ಗಾಳಿ ನಿಲ್ಲಿಸಿದರಂತೆ. ನನಗೆ ಎಚ್ಚರವಾಯಿತು. ಮೈಗೆ ಆಗಲಿಲ್ಲ. ರೆಪ್ಪೆ ಎತ್ತಲಾಗಲಿಲ್ಲ, ನಾಲಿಗೆ ಆಡಲಿಲ್ಲ, ಉಸಿರು ಎಳೆಯೋಣವೆಂದರೆ ಎದೆ ನನ್ನದಲ್ಲ. ಆ ಹುಡುಗಿ ಅದುಮಿದಾಗ ಗಾಳಿ ಬರುತ್ತಿತ್ತು, ಬಿಟ್ಟಾಗ ಹೋಗುತ್ತಿತ್ತು. ಹೊಲಿಗೆ ಹಾಕಿದ ಜಾಗ ಉರಿಯುತ್ತಿತ್ತು. ಎಲ್ಲವೂ ಕೇಳಿಸುತ್ತಿತ್ತು. ನರ್ಸು "ಇವರು ಹೋಗಿಬಿಡ್ತಾರಾ ಮೇಡಂ" ಎಂದು ಕೇಳಿದ್ದೂ ಕೇಳಿಸಿತು.

ಹೊರಗೆ ಜೆಯಕುಮಾರ ಮತ್ತು ನಮ್ಮ ಜನ. ಎರಡು ಗಂಟೆಯಾದರೂ ಕದ ತೆರೆಯಲಿಲ್ಲವೆಂದು ಅವನು ಕೂಗಾಡಿದ. "ಕದ ಒಡೀರಿ, ಒಳಗೆ ಏನೋ ಮಾಡ್ತಾವ್ರೆ" ಎಂದ. ಬಾಗಿಲಿಗೆ ಭುಜ ಕೊಟ್ಟ ಸದ್ದು ಬಂತು. ಆಗ ನಿನ್ನ ಅತ್ತೆಯ ದನಿ. "ನನ್ನ ತುಳಿದು ಓಗ್ರಿ. ಇನ್ನೊಂದ್ ಕಿತ ಇದ ನಾನು ನೋಡಾಕಿಲ್ಲ." ಅವಳು ನನ್ನ ಅಂಗಿಯಿಂದ ನಿನ್ನ ಕಾಗದ ತೆಗೆದು ನರ್ಸಿನ ಕೈಗೆ ಕೊಟ್ಟಿದ್ದಳಂತೆ. ಆ ಆಸ್ಪತ್ರೆಯಲ್ಲಿ ಅದನ್ನು ಓದುವವರು ಒಬ್ಬರೂ ಇರಲಿಲ್ಲ. ಓದಬಲ್ಲವನೊಬ್ಬ ಮೇಜಿನ ಮೇಲೆ ಮರದ ಕೊರಡಾಗಿ ಬಿದ್ದಿದ್ದ. ನನ್ನ ಕನ್ನಡದ ಜಂಭಕ್ಕೆ ಅಷ್ಟು ಬೆಲೆ. ಆಮೇಲೆ ಅತ್ತೆ ನಿನಗೆ ಫೋನ್ ಹಚ್ಚಿ ಒಳಗೆ ಕಳಿಸಿದಳು. ಎರಡು ವರ್ಷದ ಮೇಲೆ ನಿನ್ನ ದನಿ ಕೇಳಿದೆ. "ಮೊದಲು ಅವರಿಗೆ ನಿದ್ದೆ ಬರಿಸಿ ಡಾಕ್ಟರ್, ಎಲ್ಲಾ ಕೇಳಿಸ್ತಿರುತ್ತೆ, ಹೆದರಿರ್ತಾರೆ" ಎಂದು ನೀನು ತಮಿಳಿನಲ್ಲಿ ಹೇಳಿದೆ. ಐದು ಗಂಟೆ ಆ ಹುಡುಗಿ ಮತ್ತು ಇಬ್ಬರು ನರ್ಸುಗಳು ಸರದಿಯಲ್ಲಿ ಚೀಲ ಅದುಮಿದರು. ನಾನು ಎದ್ದು ಕೂತೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನನಗೆ ಗಡಿಯಾರ ಚೆನ್ನಾಗಿ ನೆನಪಿದೆ. ಅಕ್ಕ ಒಳಗೆ ಹೋದದ್ದು ಹನ್ನೊಂದಕ್ಕೆ. ಸತ್ತದ್ದು ಒಂದೂ ಕಾಲಿಗೆ. ನಡುವೆ ನರ್ಸು ಎರಡು ಸಲ ಹೊರಗೆ ಬಂದು, ಇನ್ನೂ ಎರಡು ಮೂರು ಗಂಟೆ ಬೇಕು, ಖಂಡಿತ ಏಳುತ್ತಾರೆ, ಕಾಯಿರಿ ಎಂದಳು. ನಾನು ಕದದ ಸಂದಿಯಿಂದ ನೋಡಿದೆ. ಅಕ್ಕ ಅಲುಗಾಡದೆ ಮಲಗಿದ್ದಾಳೆ, ಒಬ್ಬ ಗಂಡಸು ಅವಳ ಮುಖದ ಮೇಲೆ ಕಪ್ಪು ರಬ್ಬರನ್ನು ಒತ್ತಿ ಹಿಡಿದಿದ್ದಾನೆ. ಉಸಿರುಗಟ್ಟಿಸಿ ಕೊಲ್ಲುತ್ತಿದ್ದಾನೆ ಎಂದುಕೊಂಡೆ. ಕದ ಒಡೆದವನು ನಾನು. ಕೈ ಬಿಟ್ಟರೆ ಇವರು ಹೋಗಿಬಿಡುತ್ತಾರೆ, ಆಮೇಲೆ ನನ್ನನ್ನು ಏನಾದರೂ ಮಾಡಿ ಎಂದು ಆ ಮನುಷ್ಯ ಅಂಗಲಾಚಿದ. ನಾವು ಎಳೆದಷ್ಟೂ ಒಂದು ಕೈಯಲ್ಲಿ ಅದುಮುತ್ತಲೇ ಇದ್ದ. ಆ ಕೈಯನ್ನು ಬಿಡಿಸಲು ಮುರಿಯಬೇಕಾಯಿತು. ಅವನು ಓಡಿಹೋಗಲಿಲ್ಲ. ನಾವೇ ಮದುರೈ ಬಸ್ಸಿಗೆ ಹತ್ತಿಸಿ, ಈ ಕಣಿವೆಗೆ ಮತ್ತೆ ಬಂದರೆ ಕೊಲ್ಲುತ್ತೇವೆ ಎಂದೆವು.

ಏಪ್ರಿಲ್ಲಿನಲ್ಲಿ ನಿನ್ನ ಕಾಗದ ಓದುವವರೆಗೆ ನಾನು ನನ್ನ ಮಾತನ್ನೇ ನಂಬಿದ್ದೆ. ಓದಿದ ಮೇಲೆ ನಂಬಲಿಲ್ಲ. ಆದರೂ ಟೀ ಅಂಗಡಿಗೆ ಹೋಗುತ್ತಿದ್ದೆ, ಅವರು ಎದ್ದು ಕೊಟ್ಟ ಜಾಗದಲ್ಲಿ ಕೂರುತ್ತಿದ್ದೆ.

ಒಂದು ಮಾತು ದಿಂಡುಕ್ಕಲ್ಲಿನ ಆ ಮೇಜಿನ ಮೇಲೆ ಗೊತ್ತಾಯಿತು, ಅದನ್ನು ನೀನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅಕ್ಕನಿಗೂ ಎಲ್ಲ ಕೇಳಿಸಿರಬೇಕು. ಕದ ಒಡೆದು ಒಳಗೆ ಬಂದಾಗ ನಾನು "ಅಕ್ಕಾ, ನಾನ್ ಬಂದಿವ್ನಿ" ಎಂದು ಕೂಗಿದ್ದೆ. ತಮ್ಮ ಬಂದ ಎಂದು ಅವಳಿಗೆ ಧೈರ್ಯ ಬಂದಿರುತ್ತದೆ.

ಜೆಯರಾಜ್


ಹೈದರಾಬಾದ್
9 ಆಗಸ್ಟ್ 2024

ಮಾಮ,

ನಿಮ್ಮ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅಮ್ಮನಿಗೆ ಕೇಳಿಸುತ್ತಿತ್ತೆಂದು ನನಗೆ ಫೆಬ್ರವರಿಯಲ್ಲೇ ಹೊಳೆದಿತ್ತು. ನಿಮಗೆ ತಡೆಯಲಾಗುವುದಿಲ್ಲವೆಂದು ಬರೆದಿರಲಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆಂದು ಬರೆಯಲಾರೆ, ಅದಕ್ಕಾಗಿ ಕಾಯಬೇಡಿ. ನಾನು ಆ ಡಾಕ್ಟರನ್ನು ಸೋಮಾರಿ ಎಂದು ಬರೆದ ಕಾಗದ ನಿಮ್ಮ ಹತ್ತಿರವಿದೆ. ಅದನ್ನು ಸುಡಬೇಡಿ. ಎರಡು ಗಂಟೆ ಅಮ್ಮನನ್ನು ಬದುಕಿಸಿಕೊಂಡಿದ್ದವರನ್ನು ನಾನು ಏನೆಂದು ಕರೆದೆನೆಂದು ನನಗೆ ನೆನಪಿರಬೇಕು.

ದಿಂಡುಕ್ಕಲ್ಲಿನ ತೇನ್‌ಮೊಳಿ ನಿಮ್ಮ ರಕ್ತ ಕಳಿಸಿದ್ದರು. ಎರಡೂ ಪ್ರತಿ ಕೆಟ್ಟವು, ನನ್ನ ಹರಳಿನಲ್ಲಿ ಕಂಡ ಗೇಟೇ. ಕುಟುಂಬದ ವರದಿಯೊಂದನ್ನು ಬರೆಯಬೇಕಾಗಿದೆ, ಜೆಯಕುಮಾರನೂ ಮಿಕ್ಕವರೂ ಇನ್ನು ಮುಂದೆ ಆಸ್ಪತ್ರೆಯಲ್ಲಿ ತೋರಿಸಲು. ಇದರ ಜೊತೆ ಇಟ್ಟಿದ್ದೇನೆ. ಎಲ್ಲವನ್ನೂ ನಾನೇ ತುಂಬಿದ್ದೇನೆ. ಮಣಿಮೇಗಲೈ, ಮೂವತ್ತೊಂದು ವರ್ಷ ಎಂಬುದರ ಮುಂದೆ ಸಾವಿನ ಕಾರಣ ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ನೀವು ತುಂಬಿ. ಗಂಟೆಗಳನ್ನೂ ಬರೆಯಿರಿ, ನಿಮ್ಮ ಹೆಸರನ್ನೂ ಬರೆಯಿರಿ. ತಮಿಳಿನಲ್ಲಿ ಬರೆಯಿರಿ.

ಡಾಕ್ಟರ್ ಪೆರಿಯಸಾಮಿ ಎಲ್ಲಿದ್ದಾರೆಂದು ತೇನ್‌ಮೊಳಿಯೇ ವಿಚಾರಿಸಿ ಹೇಳಿದರು. ಒಡ್ಡನ್‌ಛತ್ರದಲ್ಲಿ ಮಗಳ ಮನೆಯಲ್ಲಿದ್ದಾರೆ, ಎಪ್ಪತ್ತೊಂದು ವರ್ಷ. ಬಲಗೈ ಬೆರಳು ಮಡಚುವುದಿಲ್ಲ. ಆ ದಿನದ ನಂತರ ಅವರು ಯಾರಿಗೂ ಅರಿವಳಿಕೆ ಕೊಟ್ಟಿಲ್ಲ. ಮಣಿಮೇಗಲೈಯ ಉಸಿರು ಐದಾರು ನಿಮಿಷದಲ್ಲಿ ಯಾಕೆ ಮರಳಲಿಲ್ಲವೆಂದು ಅವರಿಗೆ ಇಂದಿಗೂ ಗೊತ್ತಿಲ್ಲ, ತನ್ನಿಂದಲೇ ಏನೋ ತಪ್ಪಾಯಿತೆಂದು ತಿಳಿದಿದ್ದಾರಂತೆ.

ವರದಿಯನ್ನು ಅಂಚೆಗೆ ಹಾಕಬೇಡಿ. ನೀವೇ ತೆಗೆದುಕೊಂಡು ಹೋಗಿ ಅವರ ಎದುರು ಕೂತು ಓದಿ ಹೇಳಿ. ಅವರು ಬೈದರೆ ಕೇಳಿಸಿಕೊಳ್ಳಿ. ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಬೇಡಿ.

ಸರಣ್ಯಾ